ಅರ್ಧಕ್ಕೆ ನಿಂತ ಹಾಡು: ಪೂರ್ಣಗೊಳಿಸುವ ಹಕ್ಕು ಯಾರದು?

ಬೆಂಗಳೂರು: ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2025ರ ಫೆಬ್ರುವರಿ 2ರಂದು ನಡೆದ ಗ್ರ್ಯಾಮಿ ಸಮಾರಂಭದಲ್ಲಿ ಅತ್ಯುತ್ತಮ ರಾಕ್ ಪ್ರಸ್ತುತಿಯ ಪ್ರಶಸ್ತಿಯು ಬೀಟಲ್ಸ್ ತಂಡದ ‘ನೌ ಆ್ಯಂಡ್ ದೆನ್’ ಹಾಡಿಗೆ ಸಂದಿತು. ಆ ಹಾಡನ್ನು ಹಾಡಿದ ಜಾನ್ ಲೆನನ್ ಹಂತಕನ ಗುಂಡಿಗೆ ಬಲಿಯಾಗಿ ಆ ವೇಳೆಗೆ 44 ವರ್ಷಗಳು ಸಂದಿದ್ದವು. ಅದರಲ್ಲಿ ಗಿಟಾರ್ ನುಡಿಸಿದ ಜಾರ್ಜ್ ಹ್ಯಾರಿಸನ್ ತೀರಿಕೊಂಡು 23 ವರ್ಷಗಳಾಗಿದ್ದವು. ಗತಿಸಿದ ಇಬ್ಬರು ಮತ್ತು ಬದುಕಿರುವ ಇಬ್ಬರು ಸೇರಿ ಹಾಡಿದ ಹಾಡಿಗೆ ದೊರೆತ ಈ ಮನ್ನಣೆಯು ಸಂಗೀತಲೋಕದ ಹಳೆಯ ಪ್ರಶ್ನೆಯೊಂದನ್ನು ಮತ್ತೆ ಮುನ್ನೆಲೆಗೆ ತಂದಿದೆ. ಕಲಾವಿದನೊಬ್ಬ ಅರ್ಧಕ್ಕೆ ಬಿಟ್ಟುಹೋದ ಧ್ವನಿಮುದ್ರಣವನ್ನು ಪೂರ್ಣಗೊಳಿಸುವ ಅಧಿಕಾರ ಯಾರಿಗಿದೆ? ಹಾಗೆ ಪೂರ್ಣಗೊಂಡದ್ದನ್ನು ಯಾರ ಹಾಡೆಂದು ಕರೆಯಬೇಕು?

ಪ್ರಶ್ನೆ ದೂರದೇಶದ್ದೆಂದು ತಳ್ಳಿಹಾಕುವಂತಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ತಮಿಳು, ತೆಲುಗು, ಪಂಜಾಬಿ ಸಂಗೀತದಲ್ಲಿ ಇದೇ ವಿಚಾರ ವಿವಾದವಾಗಿದೆ. ಕನ್ನಡದ ಪ್ರೇಕ್ಷಕರು ಇದನ್ನು 2022ರಲ್ಲಿಯೇ ಚಿತ್ರಮಂದಿರದಲ್ಲಿ ಎದುರಿಸಿದ್ದಾರೆ. ಆದರೆ ಚರ್ಚೆಯೆಲ್ಲವೂ ‘ಕೃತಕ ಬುದ್ಧಿಮತ್ತೆ ಬೇಕೆ, ಬೇಡವೆ’ ಎಂಬಲ್ಲಿಗೆ ಬಂದು ನಿಲ್ಲುತ್ತಿರುವುದರಿಂದ ನಿಜವಾದ ತೊಡಕು ಮರೆಯಾಗುತ್ತಿದೆ.

ಒಂದು ಕ್ಯಾಸೆಟ್ಟಿನ ಕಥೆ

ಲೆನನ್ ಈ ಹಾಡನ್ನು 1970ರ ದಶಕದ ಉತ್ತರಾರ್ಧದಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಪಿಯಾನೊ ನುಡಿಸುತ್ತ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದರು. 1980ರ ಡಿಸೆಂಬರ್ 8ರಂದು ಅವರ ಹತ್ಯೆಯಾಯಿತು. ಪತ್ನಿ ಯೋಕೊ ಓನೊ 1994ರಲ್ಲಿ ಆ ಮುದ್ರಣಗಳನ್ನು ಪಾಲ್ ಮೆಕಾರ್ಟ್ನಿ ಅವರಿಗೆ ಒಪ್ಪಿಸಿದರು. ಉಳಿದ ಮೂವರು ಬೀಟಲ್‌ಗಳು ನಿರ್ಮಾಪಕ ಜೆಫ್ ಲಿನ್ ಅವರೊಂದಿಗೆ ಕುಳಿತು ‘ಫ್ರೀ ಆ್ಯಸ್ ಎ ಬರ್ಡ್’ ಹಾಗೂ ‘ರಿಯಲ್ ಲವ್’ ಎಂಬ ಎರಡು ಹಾಡುಗಳನ್ನು ಪೂರ್ಣಗೊಳಿಸಿ 1995 ಮತ್ತು 1996ರಲ್ಲಿ ಬಿಡುಗಡೆ ಮಾಡಿದರು. ಮೂರನೆಯದು ಮಾತ್ರ ಕೈಕೊಟ್ಟಿತು. ಪಿಯಾನೊದ ನಾದ ಲೆನನ್ ಧ್ವನಿಯನ್ನು ನುಂಗುತ್ತಿತ್ತು. ಜೊತೆಗೆ ವಿದ್ಯುತ್ತಿನ ಗುಂಯ್‌ಗುಡುವಿಕೆ ಬೇರೆ. ಕೆಲಸ ಅಲ್ಲಿಗೇ ನಿಂತಿತು.

ಬಾಗಿಲು ಮತ್ತೆ ತೆರೆದದ್ದು ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಅವರಿಂದ. 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರ ಸರಣಿಗಾಗಿ ಅವರ ತಂಡವು ಒಂದೇ ಮುದ್ರಣದಲ್ಲಿ ಬೆರೆತಿರುವ ಧ್ವನಿಗಳನ್ನು ಬೇರ್ಪಡಿಸುವ ತಂತ್ರಾಂಶವನ್ನು ರೂಪಿಸಿತ್ತು. ಯಾವುದು ಗಿಟಾರ್, ಯಾವುದು ಮನುಷ್ಯನ ಕಂಠ ಎಂಬುದನ್ನು ಯಂತ್ರಕ್ಕೆ ಕಲಿಸಿ, ಅಕ್ಕಿಯಿಂದ ಕಲ್ಲು ಆರಿಸಿದಂತೆ ಬೇರೆಮಾಡುವ ವಿಧಾನವಿದು. ಅದೇ ತಂತ್ರದಿಂದ ಲೆನನ್ ಕಂಠವನ್ನು ಪಿಯಾನೊದಿಂದ ಬಿಡಿಸಿ ತೆಗೆಯಲಾಯಿತು. 1995ರಲ್ಲಿ ಹ್ಯಾರಿಸನ್ ನುಡಿಸಿದ್ದ ಗಿಟಾರ್ ಅದಕ್ಕೆ ಸೇರಿತು. ಮೆಕಾರ್ಟ್ನಿ ಮತ್ತು ರಿಂಗೊ ಸ್ಟಾರ್ ಹೊಸದಾಗಿ ನುಡಿಸಿ ಹಾಡಿದರು. ವಾದ್ಯವೃಂದದ ಸಂಯೋಜನೆಯಲ್ಲಿ ಗೈಲ್ಸ್ ಮಾರ್ಟಿನ್ ಕೈಜೋಡಿಸಿದರು. 2023ರ ನವೆಂಬರ್ 2ರಂದು ಬಿಡುಗಡೆಯಾದ ಹಾಡು ಬ್ರಿಟನ್ನಿನ ಜನಪ್ರಿಯತಾ ಪಟ್ಟಿಯ ಅಗ್ರಸ್ಥಾನಕ್ಕೇರಿತು.

ಮೆಕಾರ್ಟ್ನಿ ಅದೇ ವರ್ಷದ ಜೂನ್‌ನಲ್ಲಿ ಕೃತಕ ಬುದ್ಧಿಮತ್ತೆಯ ಹೆಸರೆತ್ತಿದ್ದೇ ತಡ, ಲೆನನ್ ಧ್ವನಿಯನ್ನೇ ಯಂತ್ರದಿಂದ ಸೃಷ್ಟಿಸಲಾಗಿದೆಯೆಂಬ ಸುದ್ದಿ ಹಬ್ಬಿತ್ತು. ಕೃತಕವಾಗಿ ಏನನ್ನೂ ಸೃಷ್ಟಿಸಿಲ್ಲವೆಂದು ಅವರು ಸ್ಪಷ್ಟನೆ ನೀಡಬೇಕಾಯಿತು. ಅವರ ಮಾತು ನಿಜವೇ. ಕೇಳಿಬರುವ ಕಂಠ ಲೆನನ್ ಅವರದೇ, ಅವರೇ ಹಾಡಿದ್ದು.

ಆದರೆ ಅಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಮೂಲ ಕ್ಯಾಸೆಟ್ಟಿನಲ್ಲಿ ಲೆನನ್ ಹಾಡಿದ್ದ ಒಂದು ಭಾಗವನ್ನು ಹೊಸ ಹಾಡಿನಲ್ಲಿ ಕೈಬಿಡಲಾಗಿದೆ. ಗಿಟಾರಿನ ಏಕವಾದನದ ಭಾಗವನ್ನು ಮೆಕಾರ್ಟ್ನಿ ಅವರು ಹ್ಯಾರಿಸನ್ ಶೈಲಿಯನ್ನು ನೆನೆದು ತಾವೇ ನುಡಿಸಿದ್ದಾರೆ. ‘ಬಿಕಾಸ್’, ‘ಎಲಿನರ್ ರಿಗ್ಬಿ’ ಮುಂತಾದ 1960ರ ದಶಕದ ಬೀಟಲ್ಸ್ ಹಾಡುಗಳಿಂದ ಸಹಗಾಯನದ ತುಣುಕುಗಳನ್ನು ತಂದು ಜೋಡಿಸಲಾಗಿದೆ. ಇವೆಲ್ಲವೂ ಯಂತ್ರದ ಕೆಲಸವಲ್ಲ, ಮನುಷ್ಯರ ನಿರ್ಧಾರ. ಇನ್ನೂ ಸೂಕ್ಷ್ಮವಾದ ಸಂಗತಿ ಹ್ಯಾರಿಸನ್ ಅವರದು. ಈ ಹಾಡು ಅವರಿಗೆ ಹಿಡಿಸಲಿಲ್ಲ, ಅದಕ್ಕಾಗಿಯೇ ಬಿಟ್ಟೆವು ಎಂದು ಮೆಕಾರ್ಟ್ನಿ ಹಿಂದೆ ಹೇಳಿದ್ದುಂಟು. ಅಡ್ಡಿಯಾದದ್ದು ತಾಂತ್ರಿಕ ದೋಷ ಮಾತ್ರ, ಹ್ಯಾರಿಸನ್ ಇಂದು ಇದ್ದಿದ್ದರೆ ಮನಸಾರೆ ಜೊತೆಗೂಡುತ್ತಿದ್ದರು ಎಂದು ಅವರ ಪತ್ನಿ ಒಲಿವಿಯಾ 2023ರಲ್ಲಿ ಹೇಳಿದರು. ಎರಡೂ ಮಾತು ನಿಜವಿರಬಹುದು. ಆದರೆ ಬದುಕಿದ್ದಾಗ ಬೇಡವೆಂದವರ ಒಪ್ಪಿಗೆಯನ್ನು ಅವರ ಮರಣಾನಂತರ ಬೇರೆಯವರು ನೀಡಿದ್ದಾರೆಂಬುದೂ ಅಷ್ಟೇ ನಿಜ.

ಸೋಸುವುದು, ತುಂಬುವುದು, ತಯಾರಿಸುವುದು

‘ಪೂರ್ಣಗೊಳಿಸುವುದು’ ಎಂಬ ಒಂದೇ ಮಾತಿನಡಿ ಇಂದು ಮೂರು ಬೇರೆಬೇರೆ ಕೆಲಸಗಳು ನಡೆಯುತ್ತಿವೆ. ಇವನ್ನು ಬಿಡಿಸಿ ನೋಡದ ಹೊರತು ಸರಿತಪ್ಪುಗಳ ತೀರ್ಮಾನ ಸಾಧ್ಯವಿಲ್ಲ.

ಮೊದಲನೆಯದು ಸೋಸುವುದು. ಕಲಾವಿದ ಹಾಡಿದ್ದನ್ನೇ ಸದ್ದುಗದ್ದಲದಿಂದ ಬೇರ್ಪಡಿಸಿ ಶುದ್ಧಗೊಳಿಸುವುದು. ಲೆನನ್ ಕಂಠದ ವಿಷಯದಲ್ಲಿ ಆದದ್ದು ಇದು. ಹಳೆಯ ಗ್ರಾಮೋಫೋನ್ ತಟ್ಟೆಯ ಕರಕರ ಸದ್ದನ್ನು ತೆಗೆಯುವುದಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ಎರಡನೆಯದು ತುಂಬುವುದು. ಕಲಾವಿದ ಬಿಟ್ಟ ಜಾಗವನ್ನು ಬೇರೆಯವರು ತಮ್ಮ ಕಂಠದಿಂದಲೋ ವಾದ್ಯದಿಂದಲೋ ತುಂಬುವುದು. ಇದಕ್ಕೆ ಮನಮುಟ್ಟುವ ನಿದರ್ಶನ ಕ್ವೀನ್ ತಂಡದ್ದು. ಗಾಯಕ ಫ್ರೆಡ್ಡಿ ಮರ್ಕ್ಯುರಿ ಏಡ್ಸ್‌ನಿಂದ ನರಳುತ್ತ 1991ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಮೋಂತ್ರೊದಲ್ಲಿ ‘ಮದರ್ ಲವ್’ ಹಾಡನ್ನು ಮುದ್ರಿಸುತ್ತಿದ್ದರು. ಕೊನೆಯ ಚರಣವನ್ನು ಇನ್ನೊಮ್ಮೆ ಬಂದು ಹಾಡುವೆನೆಂದು ಹೋದವರು ಮರಳಲಿಲ್ಲ. ಅದೇ ನವೆಂಬರ್ 24ರಂದು ತೀರಿಕೊಂಡರು. 1995ರಲ್ಲಿ ಬಿಡುಗಡೆಯಾದ ‘ಮೇಡ್ ಇನ್ ಹೆವನ್’ ಆಲ್ಬಮ್ಮಿನಲ್ಲಿ ಆ ಕೊನೆಯ ಚರಣವನ್ನು ಗಿಟಾರ್ ವಾದಕ ಬ್ರಯಾನ್ ಮೇ ಹಾಡಿದ್ದಾರೆ, ತಮ್ಮದೇ ಧ್ವನಿಯಲ್ಲಿ. ಮರ್ಕ್ಯುರಿಯಂತೆ ಹಾಡುವ ಯತ್ನವೇ ಅಲ್ಲಿಲ್ಲ. ಕೇಳುಗನಿಗೆ ಕಂಠ ಬದಲಾದದ್ದು ಕೂಡಲೇ ತಿಳಿಯುತ್ತದೆ. ಹಾಡಿನ ನಡುವೆ ಒಬ್ಬ ಇಲ್ಲವಾದನೆಂಬುದು ಹಾಡಿನಲ್ಲಿಯೇ ದಾಖಲಾಗಿದೆ. ಸ್ವೀಡನ್ನಿನ ಸಂಗೀತ ನಿರ್ಮಾಪಕ ಅವೀಚಿ 2018ರ ಏಪ್ರಿಲ್‌ನಲ್ಲಿ ತೀರಿಕೊಂಡಾಗಲೂ ಅವರು ಬಿಟ್ಟುಹೋದ ಹಾಡುಗಳನ್ನು ಜೊತೆಗಾರರೇ ಪೂರ್ಣಗೊಳಿಸಿ, 2019ರಲ್ಲಿ ‘ಟಿಮ್’ ಹೆಸರಿನ ಆಲ್ಬಮ್ಮಾಗಿ ಹೊರತಂದರು.

ಮೂರನೆಯದು ತಯಾರಿಸುವುದು. ಗತಿಸಿದ ಗಾಯಕನ ಹಳೆಯ ಮುದ್ರಣಗಳನ್ನು ಯಂತ್ರಕ್ಕೆ ಉಣಿಸಿ, ಆತ ಎಂದೂ ಹಾಡದ ಹಾಡನ್ನು ಆತನ ಕಂಠದಲ್ಲಿ ಹೊರಡಿಸುವುದು. ಸಾಮಾನ್ಯವಾಗಿ ಬದುಕಿರುವ ಗಾಯಕರೊಬ್ಬರು ಹಾಡನ್ನು ಹಾಡುತ್ತಾರೆ. ಯಂತ್ರವು ಅದರ ಮೇಲೆ ಗತಿಸಿದವರ ಕಂಠದ ಗುಣವನ್ನು ಹೊದಿಸುತ್ತದೆ. ಉಸಿರು, ಒತ್ತು, ಭಾವ ಒಬ್ಬರದು, ಗುರುತು ಇನ್ನೊಬ್ಬರದು. ಇಲ್ಲಿ ಪೂರ್ಣಗೊಳಿಸಲು ಅಪೂರ್ಣವಾದ ಮುದ್ರಣವೇ ಇರಬೇಕೆಂದಿಲ್ಲ.

ದಕ್ಷಿಣದ ಮೂರು ನಿದರ್ಶನಗಳು

ಭಾರತದಲ್ಲಿ ವಿವಾದಕ್ಕೆ ಒಳಗಾಗಿರುವುದು ಬಹುಮಟ್ಟಿಗೆ ಈ ಮೂರನೆಯ ಬಗೆ. 2024ರಲ್ಲಿ ತೆರೆಕಂಡ ‘ಲಾಲ್ ಸಲಾಂ’ ತಮಿಳು ಚಿತ್ರದ ಹಾಡೊಂದರಲ್ಲಿ ಎ.ಆರ್. ರೆಹಮಾನ್ ಅವರು ದಿವಂಗತ ಗಾಯಕರಾದ ಬಂಬಾ ಬಾಕ್ಯ ಹಾಗೂ ಶಾಹುಲ್ ಹಮೀದ್ ಅವರ ಧ್ವನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ ಬಳಸಿದರು. ಟೀಕೆಗಳು ಬಂದಾಗ, ಎರಡೂ ಕುಟುಂಬಗಳ ಅನುಮತಿ ಪಡೆದು ಯೋಗ್ಯ ಸಂಭಾವನೆ ನೀಡಲಾಗಿದೆಯೆಂದು ತಿಳಿಸಿದರು.

ಎರಡನೆಯದು ಇಳಯರಾಜ ಅವರ ಮಗಳು, ಗಾಯಕಿ ಭವತಾರಿಣಿ ಅವರದು. 2024ರ ಜನವರಿ 25ರಂದು ಅವರು ಅನಾರೋಗ್ಯದಿಂದ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ‘ಗೋಟ್’ ಚಿತ್ರದ ‘ಚಿನ್ನ ಚಿನ್ನ ಕಣ್ಗಳ್’ ಹಾಡು ಅವರ ಧ್ವನಿಯಲ್ಲಿ ಹೊರಬಂತು. ಸಂಗೀತ ನಿರ್ದೇಶಕರು ಅವರ ಸೋದರ ಯುವನ್ ಶಂಕರ್ ರಾಜ. ಬೆಂಗಳೂರಿನಲ್ಲಿ ಈ ಹಾಡಿನ ಕೆಲಸದಲ್ಲಿದ್ದಾಗ ಇದು ಅಕ್ಕನಿಗೇ ಸಲ್ಲಬೇಕಾದ ಹಾಡೆಂದು ಅನ್ನಿಸಿತ್ತು, ಆಕೆ ಗುಣಮುಖಳಾದ ಮೇಲೆ ಹಾಡಿಸುವ ಯೋಚನೆಯಿತ್ತು, ಸ್ವಲ್ಪ ಹೊತ್ತಿಗೇ ಸಾವಿನ ಸುದ್ದಿ ಬಂತು ಎಂದು ಅವರು ಬಳಿಕ ಬರೆದುಕೊಂಡರು. ತಮ್ಮನ ದುಃಖದ ಮುಂದೆ ಆಕ್ಷೇಪವೆತ್ತಲು ಯಾರಿಗೂ ಮನಸ್ಸು ಬಾರದು. ಆದರೂ ಆ ಹಾಡನ್ನು ಭವತಾರಿಣಿ ಹಾಡಲಿಲ್ಲವೆಂಬ ಸತ್ಯವನ್ನು ದುಃಖ ಬದಲಿಸುವುದಿಲ್ಲ.

ಮೂರನೆಯದು ಕನ್ನಡಿಗರಿಗೂ ಮನೆಯವರೇ ಆಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯ ಪ್ರಕರಣ. 2020ರ ಸೆಪ್ಟೆಂಬರ್ 25ರಂದು ಅವರು ನಿಧನರಾದರು. 2023ರ ತೆಲುಗು ಚಿತ್ರ ‘ಕೀಡಾ ಕೋಲಾ’ದಲ್ಲಿ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಯಂತ್ರದಿಂದ ಮರುಸೃಷ್ಟಿಸಲಾಗಿದೆಯೆಂದು ಆಕ್ಷೇಪಿಸಿ ಪುತ್ರ ಎಸ್.ಪಿ. ಚರಣ್ 2024ರ ಆರಂಭದಲ್ಲಿ ಚಿತ್ರತಂಡಕ್ಕೆ ಲೀಗಲ್ ನೋಟಿಸ್ ಕಳುಹಿಸಿದರು. ತಂದೆಯ ಧ್ವನಿಗೆ ಆಯುಷ್ಯ ನೀಡುವ ತಂತ್ರಜ್ಞಾನಕ್ಕೆ ವಿರೋಧವಿಲ್ಲ, ಕೇಳದೆ ಬಳಸಿದ್ದಕ್ಕೆ ಮಾತ್ರ ವಿರೋಧ ಎಂಬುದು ಅವರ ನಿಲುವು.

ಮೂರೂ ಪ್ರಕರಣಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ಒಪ್ಪಿಗೆ ನೀಡಿದವರು ಅಥವಾ ನಿರಾಕರಿಸಿದವರು ಕುಟುಂಬದವರು. ಗಾಯಕರನ್ನು ಯಾರೂ ಕೇಳಿರಲಿಲ್ಲ, ಕೇಳಲು ಸಾಧ್ಯವೂ ಇರಲಿಲ್ಲ.

ಕನ್ನಡದ ಅನುಭವ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಅಗಲಿದಾಗ ‘ಜೇಮ್ಸ್’ ಚಿತ್ರದ ಡಬ್ಬಿಂಗ್ ಬಾಕಿಯಿತ್ತು. ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ಧ್ವನಿ ನೀಡಿದರು. 2022ರ ಮಾರ್ಚ್ 17ರಂದು, ಪುನೀತ್ ಜನ್ಮದಿನದಂದು ಚಿತ್ರ ತೆರೆಕಂಡಿತು. ಸುಮಾರು ಒಂದು ತಿಂಗಳ ಬಳಿಕ, ಏಪ್ರಿಲ್ 22ರಂದು, ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ಧ್ವನಿಯನ್ನು ಅಳವಡಿಸಿದ ಆವೃತ್ತಿಯೂ ಬಿಡುಗಡೆಯಾಯಿತು.

ಇದು ಹಾಡಿನ ಮುದ್ರಣವಲ್ಲ, ಸಂಭಾಷಣೆಯದು. ಆದರೂ ಪ್ರಶ್ನೆ ಅದೇ. ಅಣ್ಣನ ಧ್ವನಿಯಲ್ಲಿ ಮಾತಾಡುವ ತಮ್ಮನನ್ನು ಕಂಡ ಪ್ರೇಕ್ಷಕನಿಗೆ ಆ ಧ್ವನಿ ಏಕೆ ಬೇರೆಯೆಂಬುದು ಗೊತ್ತಿತ್ತು. ಆ ಅರಿವೇ ಆ ಆವೃತ್ತಿಯನ್ನು ಒಂದು ಶ್ರದ್ಧಾಂಜಲಿಯನ್ನಾಗಿಸಿತ್ತು. ಎರಡನೆಯ ಆವೃತ್ತಿಯು ಅಭಿಮಾನಿಗಳ ಹಂಬಲವನ್ನು ತಣಿಸಿತು. ಇಲ್ಲಿ ಮೆಚ್ಚಬೇಕಾದ ಅಂಶವೆಂದರೆ, ಯಾವುದು ಯಾವ ಆವೃತ್ತಿಯೆಂಬುದನ್ನು ಮುಚ್ಚಿಡದೆ ಹೇಳಲಾಗಿತ್ತು. ಆಯ್ಕೆ ಪ್ರೇಕ್ಷಕನದಾಗಿತ್ತು.

ಕಾಗದ ಉಳಿಸಿದ ಸಾಕ್ಷ್ಯ

ಮುಚ್ಚಿಡದಿರುವುದು ಏಕೆ ಮುಖ್ಯವೆಂಬುದಕ್ಕೆ ಎರಡು ಶತಮಾನಗಳ ಹಿಂದಿನ ಪಾಠವೊಂದಿದೆ. ಮೊಜಾರ್ಟ್ 1791ರ ಡಿಸೆಂಬರ್ 5ರಂದು ವಿಯೆನ್ನಾದಲ್ಲಿ ತೀರಿಕೊಂಡಾಗ ‘ರಿಕ್ವಿಯಂ’ ಎಂಬ ಶ್ರಾದ್ಧಸಂಗೀತ ಅರ್ಧದಲ್ಲಿತ್ತು. ‘ಲಾಕ್ರಿಮೋಸಾ’ ಎಂಬ ಭಾಗವಂತೂ ಎಂಟು ಆವರ್ತಗಳಿಗೇ ನಿಂತಿತ್ತು. ಅದನ್ನು ಬರೆಸುತ್ತಿದ್ದವನು ತನ್ನ ಹೆಸರು ಹೇಳದ ಒಬ್ಬ ಶ್ರೀಮಂತ, ಕೌಂಟ್ ವಾಲ್ಸೆಗ್. ಪೂರ್ಣ ಕೃತಿ ಒಪ್ಪಿಸದಿದ್ದರೆ ಉಳಿದ ಹಣ ಬಾರದು. ಹೀಗಾಗಿ ವಿಧವೆ ಕಾನ್‌ಸ್ಟಾಂಜೆ ಅದನ್ನು ಪೂರ್ಣಗೊಳಿಸಲು ಒಬ್ಬಿಬ್ಬರನ್ನು ಕೇಳಿಕೊಂಡಳು. ಕೊನೆಗೆ ಮುಗಿಸಿದವನು ಜ್ಯೂಸ್‌ಮೇಯರ್. ಒಪ್ಪಿಸಿದ ಪ್ರತಿಯ ಮೇಲೆ ಮೊಜಾರ್ಟ್‌ನ ಸಹಿಯನ್ನೂ ಅನುಕರಿಸಲಾಗಿತ್ತು.

ಮೋಸವೇ ಸರಿ. ಆದರೂ ಇಂದು ನಮಗೆ ಯಾವ ಸಾಲು ಮೊಜಾರ್ಟ್‌ನದು, ಯಾವುದು ಜ್ಯೂಸ್‌ಮೇಯರ್‌ನದು ಎಂಬುದು ಬಹುಪಾಲು ಗೊತ್ತು. ಕಾರಣ, ಹಸ್ತಪ್ರತಿ ಉಳಿದಿದೆ. ಕೈಬರಹಗಳು ಬೇರೆಬೇರೆ. ಜ್ಯೂಸ್‌ಮೇಯರ್‌ನ ಕೆಲಸ ಸರಿಬೀಳದೆ ಬೇರೆ ವಿದ್ವಾಂಸರು ಮೂಲದಿಂದಲೇ ತಮ್ಮದೇ ರೀತಿಯಲ್ಲಿ ಪೂರ್ಣಗೊಳಿಸಿದ್ದೂ ಉಂಟು. ಮೂಲ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಯಂತ್ರದಿಂದ ತಯಾರಾದ ಧ್ವನಿಯಲ್ಲಿ ಇಂಥ ಕೈಬರಹವಿಲ್ಲ. ತೇಪೆ ಹಾಕಿದ ಜಾಗ ಕಿವಿಗೆ ಸಿಗದಂತೆ ಮಾಡುವುದೇ ಅದರ ಹೆಗ್ಗಳಿಕೆ. ಇನ್ನು 50 ವರ್ಷಗಳ ನಂತರ ಹುಟ್ಟಿದವನೊಬ್ಬನಿಗೆ ಬಾಲಸುಬ್ರಹ್ಮಣ್ಯಂ ನಿಜವಾಗಿ ಹಾಡಿದ್ದು ಯಾವುದು, ಹಾಡಿದಂತೆ ತೋರಿಸಿದ್ದು ಯಾವುದು ಎಂದು ತಿಳಿಯುವ ಬಗೆ ಹೇಗೆ? ಗಾಯಕನ ಹೆಸರು ಉಳಿಯುವುದು ಆತನ ಮುದ್ರಣಗಳ ಮೂಲಕ. ಅವುಗಳಲ್ಲಿ ಕಲಬೆರಕೆಯಾದರೆ ಹಾನಿ ಕುಟುಂಬದ ಆದಾಯಕ್ಕಷ್ಟೇ ಅಲ್ಲ, ನೆನಪಿಗೆ.

ಸಂಶಯವೊಂದು ಮೊಳೆತರೆ ಅದು ಎಷ್ಟು ಕಾಲ ಕಾಡುತ್ತದೆಂಬುದಕ್ಕೆ ಮೈಕಲ್ ಜಾಕ್ಸನ್ ಪ್ರಕರಣವಿದೆ. ಅವರು 2009ರಲ್ಲಿ ತೀರಿಕೊಂಡ ಬಳಿಕ 2010ರಲ್ಲಿ ಬಂದ ‘ಮೈಕಲ್’ ಆಲ್ಬಮ್ಮಿನ ಮೂರು ಹಾಡುಗಳಲ್ಲಿರುವುದು ಅವರ ಧ್ವನಿಯೇ ಅಲ್ಲವೆಂದು ಅಭಿಮಾನಿಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಧ್ವನಿ ನಕಲೆಂಬುದನ್ನು ಕಂಪನಿ ಒಪ್ಪಲಿಲ್ಲ. ಆದರೂ 2022ರಲ್ಲಿ ಆ ಮೂರು ಹಾಡುಗಳನ್ನು ಅಂತರ್ಜಾಲದ ಸಂಗೀತ ಸೇವೆಗಳಿಂದ ಹಿಂತೆಗೆಯಲಾಯಿತು.

ಕಾನೂನು ಎಲ್ಲಿ ನಿಲ್ಲುತ್ತದೆ?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ನೀಡುತ್ತದೆ. 2012ರ ತಿದ್ದುಪಡಿಯಿಂದ ಸೇರಿದ 38-ಬಿ ಸೆಕ್ಷನ್, ತನ್ನ ಪ್ರದರ್ಶನವನ್ನು ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸಿದರೆ ತಡೆಯುವ ಅಧಿಕಾರವನ್ನೂ ಕಲಾವಿದನಿಗೆ ಕೊಟ್ಟಿದೆ. ಶುದ್ಧ ತಾಂತ್ರಿಕ ಕಾರಣಗಳಿಗಾಗಿ ಮಾಡುವ ಬದಲಾವಣೆಗೆ ವಿನಾಯಿತಿಯಿದೆ. ಅಂದರೆ ಸೋಸುವುದನ್ನು ಕಾನೂನು ಒಪ್ಪುತ್ತದೆ.

ತೊಡಕು ಎರಡು. ಒಂದು, ಕೃತಿಕಾರನ ನೈತಿಕ ಹಕ್ಕುಗಳನ್ನು ಆತನ ಕಾನೂನುಬದ್ಧ ಪ್ರತಿನಿಧಿಗಳು ಚಲಾಯಿಸಬಹುದೆಂದು 57ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಗಾಯಕನ ಕುರಿತ 38-ಬಿ ಸೆಕ್ಷನ್‌ನಲ್ಲಿ ಅಂಥ ಮಾತಿಲ್ಲ. ಎರಡು, ಕಾಯ್ದೆಯ ದೃಷ್ಟಿಯಲ್ಲಿ ‘ಪ್ರದರ್ಶನ’ವೆಂದರೆ ಕಲಾವಿದ ಖುದ್ದಾಗಿ ಮಾಡಿದ್ದು. ಯಂತ್ರ ತಯಾರಿಸಿದ ಹಾಡನ್ನು ಆತ ಹಾಡಿಯೇ ಇಲ್ಲ. ಹಾಡದ ಹಾಡಿನ ಮೇಲೆ ಪ್ರದರ್ಶಕನ ಹಕ್ಕು ಸಾಧಿಸುವುದು ಸುಲಭವಲ್ಲ.

ಬದುಕಿರುವವರಿಗೆ ನ್ಯಾಯಾಲಯಗಳು ಆಸರೆಯಾಗಿವೆ. ಅರಿಜಿತ್ ಸಿಂಗ್ ಅವರ ಧ್ವನಿಯನ್ನು ನಕಲು ಮಾಡುವ ಕೃತಕ ಬುದ್ಧಿಮತ್ತೆ ಸಾಧನಗಳ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ಮಧ್ಯಂತರ ಆದೇಶ ನೀಡಿತು. ಗತಿಸಿದವರ ವಿಷಯದಲ್ಲಿ ಸ್ಥಿತಿ ಬೇರೆ. ಜಯಲಲಿತಾ ಜೀವನಚಿತ್ರದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ, ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ವ್ಯಕ್ತಿಯ ಇಂಥ ಹಕ್ಕುಗಳು ಆತನೊಂದಿಗೇ ಅಳಿಯುತ್ತವೆ, ವಾರಸುದಾರರಿಗೆ ಬರುವುದಿಲ್ಲ ಎಂಬ ನಿಲುವು ತಾಳಿದವು. ಅವು ಧ್ವನಿಯ ಪ್ರಕರಣಗಳಲ್ಲವೆಂಬುದು ನಿಜ. ಆದರೆ ಗಾಯಕನ ಕುಟುಂಬ ನಾಳೆ ನ್ಯಾಯಾಲಯಕ್ಕೆ ಹೋದರೆ ಎದುರಾಳಿ ವಕೀಲರು ಮೊದಲು ಎತ್ತಿ ತೋರಿಸುವುದು ಇವನ್ನೇ. ಅಮೆರಿಕದ ಟೆನೆಸಿ ರಾಜ್ಯವು ಇದೇ ಆತಂಕದಿಂದ 2024ರಲ್ಲಿ ‘ಎಲ್ವಿಸ್ ಕಾಯ್ದೆ’ಯನ್ನು ತಂದು, ಹೆಸರು ಮತ್ತು ಚಿತ್ರದ ಜೊತೆಗೆ ಧ್ವನಿಯನ್ನೂ ರಕ್ಷಣೆಗೆ ಒಳಪಡಿಸಿತು.

ಕುಟುಂಬಕ್ಕೆ ಅಧಿಕಾರ ನೀಡಿದರೆ ಎಲ್ಲವೂ ಸರಿಹೋದೀತೆ? ಪಂಜಾಬಿ ಗಾಯಕ ಸಿಧು ಮೂಸೆವಾಲಾ 2022ರ ಮೇ 29ರಂದು ಹತ್ಯೆಗೀಡಾದ ನಂತರ ‘ಜಾಂದಿ ವಾರ್’ ಹಾಡಿನ ಬಿಡುಗಡೆಗೆ ಕುಟುಂಬದ ಕೋರಿಕೆಯಂತೆ ಮಾನಸಾ ನ್ಯಾಯಾಲಯ ತಡೆ ನೀಡಿತು. ಆತನ ಇತರ ಹಾಡುಗಳು ಕುಟುಂಬದ ಸಮ್ಮತಿಯಿಂದಲೇ ಒಂದೊಂದಾಗಿ ಹೊರಬಂದವು. ವಾರಸುದಾರರಿಗೆ ನೋವೂ ಇರುತ್ತದೆ, ಹಣದ ಅಗತ್ಯವೂ ಇರುತ್ತದೆ. ಕಾನ್‌ಸ್ಟಾಂಜೆಗೆ ಎರಡೂ ಇದ್ದವು. ಅವರನ್ನು ದೂರುವಂತಿಲ್ಲ. ಆದರೆ ಸಂಗೀತದ ವಿಚಾರದಲ್ಲಿ ಅವರ ತೀರ್ಪೇ ಗಾಯಕನ ತೀರ್ಪೆಂದು ಭಾವಿಸುವುದೂ ಸಲ್ಲ.

ರಾಗಕ್ಕೆ ಪೂರ್ಣವಿರಾಮವೆಲ್ಲಿ?

ಕರ್ನಾಟಕದ ಮಟ್ಟಿಗೆ ಇನ್ನೊಂದು ಆಯಾಮವೂ ಇದೆ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂಥವರ ನಾಡಿದು. ಪಾಶ್ಚಾತ್ಯ ಸಂಗೀತದಲ್ಲಿ ಬರೆದಿಟ್ಟ ಸ್ವರಲಿಪಿಯಿರುತ್ತದೆ. ಮುಂದಿನದನ್ನು ಊಹಿಸಲು ಒಂದು ಆಧಾರವಿರುತ್ತದೆ. ರಾಗಸಂಗೀತದಲ್ಲಿ ಮುಂದಿನ ಸ್ವರಸಮೂಹ ಯಾವುದೆಂಬುದು ಗಾಯಕನಿಗೂ ಆ ಕ್ಷಣದಲ್ಲಿಯೇ ಹೊಳೆಯುವಂಥದು. ಟೇಪು ಮುಗಿದು ನಡುವೆಯೇ ತುಂಡಾದ ಆಲಾಪವನ್ನು ಯಂತ್ರದಿಂದ ಬೆಳೆಸಿದರೆ, ಅದು ರಾಗದ ಚೌಕಟ್ಟಿನಲ್ಲಿಯೇ ಇರಬಹುದು, ಕಂಠವೂ ತಾಳೆಯಾಗಬಹುದು. ಆದರೆ ಮನ್ಸೂರರು ಆ ದಿನ ಏನು ಹಾಡುತ್ತಿದ್ದರೆಂಬುದಕ್ಕೆ ಅದು ಉತ್ತರವಾಗಲಾರದು. ಇಂಥಲ್ಲಿ ಸೋಸುವುದಷ್ಟೇ ನಮಗಿರುವ ಕೆಲಸ. ಅದೇ ಸಾಕಷ್ಟಿದೆ. ಹಳೆಯ ಟೇಪುಗಳಿಗೆ ಬೂಷ್ಟು ಹಿಡಿಯುವ ಮೊದಲು ಅವನ್ನು ಡಿಜಿಟಲ್ ರೂಪಕ್ಕೆ ತಂದು ಶುದ್ಧಗೊಳಿಸಲು ಈ ತಂತ್ರಜ್ಞಾನಕ್ಕಿಂತ ಒಳ್ಳೆಯ ಉಪಯೋಗ ಬೇರೊಂದಿಲ್ಲ.

ಮಾಡಬೇಕಾದದ್ದೇನು?

ತಂತ್ರಜ್ಞಾನವನ್ನು ನಿಷೇಧಿಸುವುದು ಕಾರ್ಯಸಾಧ್ಯವಲ್ಲ, ಅಗತ್ಯವೂ ಅಲ್ಲ. ಆದರೆ ಮೂರು ಕ್ರಮಗಳು ಈಗಲೇ ಸಾಧ್ಯ. ಮೊದಲನೆಯದಾಗಿ, ‘ಕೃತಕ ಬುದ್ಧಿಮತ್ತೆ ಬಳಸಲಾಗಿದೆ’ ಎಂಬ ಒಂದು ಸಾಲು ಸಾಲದು. ಬೀಟಲ್ಸ್ ಹಾಡಿಗೂ ‘ಲಾಲ್ ಸಲಾಂ’ ಹಾಡಿಗೂ ಆ ಸಾಲು ಸಮನಾಗಿ ಹೊಂದುತ್ತದೆ. ನಡೆದ ಕೆಲಸಗಳು ಮಾತ್ರ ತೀರಾ ಬೇರೆ. ಗತಿಸಿದವರು ಹಾಡಿದ್ದೆಷ್ಟು, ಇತರರು ಸೇರಿಸಿದ್ದೇನು, ಕೈಬಿಟ್ಟದ್ದೇನು, ಮರುಸೃಷ್ಟಿಸಿದ ಧ್ವನಿಯ ಹಿಂದೆ ನಿಜವಾಗಿ ಹಾಡಿದ ಗಾಯಕರು ಯಾರು ಎಂಬುದನ್ನು ಹಾಡಿನ ವಿವರಗಳಲ್ಲಿಯೇ ನಮೂದಿಸಬೇಕು. ಎರಡನೆಯದಾಗಿ, ಪೂರ್ಣಗೊಳಿಸುವವರು ಅಪೂರ್ಣವಾದ ಮೂಲ ಮುದ್ರಣವನ್ನು ಕೇಳುಗರಿಗೆ ದೊರೆಯುವಂತೆ ಕಾಪಿಡಬೇಕು. ಮೊಜಾರ್ಟ್‌ನನ್ನು ಉಳಿಸಿದ್ದು ಅದೇ. ಮೂರನೆಯದಾಗಿ, ಗಾಯಕರು ತಮ್ಮ ಧ್ವನಿಯ ಕುರಿತು ಜೀವಿತಕಾಲದಲ್ಲಿಯೇ ಲಿಖಿತ ಇಚ್ಛೆ ದಾಖಲಿಸಬೇಕು. ಒಪ್ಪಂದಪತ್ರಗಳಿಗೆ ಸಹಿ ಹಾಕುವಾಗ ಧ್ವನಿಯ ಮರುಸೃಷ್ಟಿಯ ಹಕ್ಕು ಯಾರ ಪಾಲಾಗುತ್ತಿದೆಯೆಂಬುದನ್ನು ಓದಿಕೊಳ್ಳಬೇಕು. ಆ ಇಚ್ಛೆಗೆ ಕಾನೂನಿನ ಬಲ ಒದಗಿಸುವುದು ಸಂಸತ್ತಿನ ಹೊಣೆ.

ತಮ್ಮ ಮೆಚ್ಚಿನ ಗಾಯಕನ ಇನ್ನೊಂದು ಹಾಡು ಕೇಳಬೇಕೆಂಬ ಹಂಬಲ ಅಭಿಮಾನಿಗಳಿಗೆ ಸಹಜ. ಮಾರುಕಟ್ಟೆ ಅದನ್ನು ಪೂರೈಸಲು ಸಿದ್ಧವಿದೆ. ಆದರೆ ಮರ್ಕ್ಯುರಿ ಹಾಡದೆ ಉಳಿದ ಚರಣವನ್ನು ಬ್ರಯಾನ್ ಮೇ ತಮ್ಮ ಧ್ವನಿಯಲ್ಲಿ ಹಾಡಿದಾಗ ಹಾಡೇನೂ ಕೆಡಲಿಲ್ಲ. ಮರ್ಕ್ಯುರಿ ಎಲ್ಲಿಯವರೆಗೆ ಹಾಡಿದರೆಂಬುದು ಇಂದಿಗೂ ಕೇಳುವವರಿಗೆಲ್ಲ ಗೊತ್ತು. ಮುಂದೆ ಬರಲಿರುವ ಹಾಡುಗಳಲ್ಲಿ ಕೇಳುಗ ನಿರೀಕ್ಷಿಸಬೇಕಾದದ್ದು ಅಷ್ಟನ್ನೇ.